ಎಂಜಿನ್ನಿಗೆ ಹೊದಿಸಿದ ಸನ್ಮಾನದ ಶಾಲು

ಚಳಿಗಾಲದಲ್ಲಿ ಎಂಜಿನ್ ಬೆಚ್ಚಗಿಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮೂರು ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸವೇ ಅದು. ಕಾರಿನ ಎಂಜಿನ್ನನ್ನು ಕೋಣೆಯಷ್ಟು ದೊಡ್ಡ ಫ್ರೀಜರ್‌ನಲ್ಲಿಟ್ಟು, ಮರಗಟ್ಟಿಸಿ, ಬೆಳಿಗ್ಗೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ನೋಡುವುದು. ಆಗದಿದ್ದರೆ ಏಕೆ ಆಗಲಿಲ್ಲ ಎಂದು ನಲವತ್ತು ಪುಟದ ವರದಿ ಬರೆಯುವುದು. ಇಂಥ ತಜ್ಞನ ಸ್ವಂತ ವಿಮಾನ ಕಳೆದ ಜನವರಿಯಲ್ಲಿ ಸ್ಟಾರ್ಟ್ ಆಗಲಿಲ್ಲ. ಅದರ ವರದಿ ಇದು.

ಸ್ವಂತ ವಿಮಾನ ಎಂದೊಡನೆ ಹುಬ್ಬೇರಿಸಬೇಡಿ. ನನಗಿಂತ ಎರಡು ವರ್ಷ ಹಿರಿಯದಾದ, ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಮುದಿ ಗಾಡಿ ಅದು. ಅದರಲ್ಲೂ ಅರ್ಧ ನನ್ನದು, ಅರ್ಧ ಇಲ್ಲೇ ನೆಲೆಸಿರುವ ಹುಬ್ಬಳ್ಳಿಯ ಪಾಟೀಲರದು. ಯಾವ ಅರ್ಧ ಯಾರದು ಎಂದು ಇನ್ನೂ ತೀರ್ಮಾನವಾಗಿಲ್ಲ. ಕೆಟ್ಟಿರುವ ಅರ್ಧ ನನ್ನದು ಎಂಬುದು ಪಾಟೀಲರ ಖಚಿತ ಅಭಿಪ್ರಾಯ.

ಇನ್ನು ನನ್ನ ಸ್ವಭಾವ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಕಾರಿನವರೆಗೆ ಹೋಗಿ, ವಾಪಸ್ ಬಂದು ನಾಲ್ಕನೆಯ ಸಲ ಜಗ್ಗುವವನು ನಾನು. "ಇಂಥೋರಿಗೆ ಪೈಲಟ್ ಲೈಸೆನ್ಸ್ ಕೊಟ್ಟಿದ್ದಾರಲ್ಲ, ಆ ಪುಣ್ಯಾತ್ಮನ್ನ ಒಂದ್ಸಲ ನೋಡ್ಬೇಕು ಕಣ್ರೀ" ಎಂದು ನನ್ನ ಹೆಂಡತಿ ಸುಧಾ ಹನ್ನೊಂದು ವರ್ಷಗಳಿಂದ ಹೇಳುತ್ತಿದ್ದಾಳೆ.

ಮಗಳು ಇಂಚರಳ ಹದಿನಾರನೆಯ ಹುಟ್ಟುಹಬ್ಬದ ದಿನ ನಾನು ಅವಳಿಗೆ ಒಂದು ಮಾತು ಕೊಟ್ಟಿದ್ದೆ. ನಿನ್ನನ್ನು ನನ್ನ ವಿಮಾನದಲ್ಲಿ ಕೂರಿಸಿಕೊಂಡು ಹಾರುತ್ತೇನೆ ಎಂದು. ಅವಳಿಗೀಗ ಇಪ್ಪತ್ತನಾಲ್ಕು. ಇಷ್ಟರಲ್ಲಿ ಹನ್ನೊಂದು ಸಲ ದಿನ ಗೊತ್ತುಮಾಡಿ ಹನ್ನೊಂದು ಸಲವೂ ರದ್ದು ಮಾಡಿದ್ದೇನೆ. ಮೋಡ ಇತ್ತು. ಗಾಳಿ ಇತ್ತು. ರೆಕ್ಕೆಯಲ್ಲಿ ಹಕ್ಕಿಗೂಡು ಇತ್ತು. ಆಯಿಲ್ ವಾಸನೆ ಯಾಕೋ ಸರಿಯಿರಲಿಲ್ಲ. ಒಂದು ಸಲ ಆಕಾಶ ತೊಳೆದಿಟ್ಟ ಹಾಗಿತ್ತು. ಇಷ್ಟು ಚೆನ್ನಾಗಿರುವುದೇ ಅನುಮಾನಾಸ್ಪದ ಎಂದು ರದ್ದು ಮಾಡಿದೆ. ಪ್ರತಿ ಸಲವೂ ಅವಳದ್ದು ಒಂದೇ ಉತ್ತರ: "ಇಟ್ಸ್ ಫೈನ್, ಅಪ್ಪಾ." ಮೊದಮೊದಲು ಅದನ್ನು ಅಳುದನಿಯಲ್ಲಿ ಹೇಳುತ್ತಿದ್ದಳು. ಈಚೆಗೆ ಫೋನಿನಿಂದ ತಲೆ ಎತ್ತದೆ ಹೇಳುತ್ತಾಳೆ. ಅಳುದನಿಯೇ ವಾಸಿಯಾಗಿತ್ತು.

ಮೂರು ವರ್ಷಗಳಿಂದ ಅವಳು ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿದ್ದಳು. ಜನವರಿ ಕೊನೆಗೆ ಸಿಯಾಟಲ್‌ನಲ್ಲಿ ಹೊಸ ಕೆಲಸ. ಹೊರಡುವ ಮುಂಚೆ ನಮ್ಮನ್ನು ನೋಡಿ ಹೋಗಲು ಗೆಳತಿ ಮೇಗನ್‌ಳ ಕಾರಿನಲ್ಲಿ ಬಂದಿದ್ದಳು. ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದಳು: "ಅಪ್ಪಾ, ವಿಲ್ ಯು ಫ್ಲೈ ಮಿ ಬ್ಯಾಕ್ ಟುಮಾರೋ?"

ಹವಾಮಾನ ನೋಡಿದೆ. ಶನಿವಾರ ಮಧ್ಯಾಹ್ನದವರೆಗೆ ಸ್ವಚ್ಛ. ಆಮೇಲೆ ದಾರಿಯಲ್ಲಿರುವ ದೊಡ್ಡ ಸರೋವರದ ಕಡೆಯಿಂದ ಹಿಮದ ಮೋಡ. ಹತ್ತಕ್ಕೆ ಹೊರಟರೆ ಸಾಕು. ಚಳಿ ಮಾತ್ರ ಆರು ಡಿಗ್ರಿ. ಫ್ಯಾರನ್‌ಹೀಟ್ ಆರು, ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ ಹದಿನಾಲ್ಕು ಕೆಳಗೆ! ಆದರೆ ಚಳಿ ನನ್ನ ಸ್ವಂತ ಇಲಾಖೆ.

"ಖಂಡಿತ" ಎಂದೆ. ಸುಧಾಳ ಕೈಯಲ್ಲಿದ್ದ ಸೌಟು ನಿಂತಿತು.

ಸಣ್ಣ ವಿಮಾನದ ಎಂಜಿನ್ ಇಂಥ ಚಳಿಯಲ್ಲಿ ಹಾಗೇ ಸ್ಟಾರ್ಟ್ ಆಗದು. ಒಳಗಿನ ಆಯಿಲ್ ಜೋನಿಬೆಲ್ಲದಂತೆ ಗಟ್ಟಿಯಾಗಿರುತ್ತದೆ. ಹಟ ಮಾಡಿ ತಿರುಗಿಸಿದರೆ ಎಂಜಿನ್ ಒಳಗೊಳಗೇ ಸವೆದು ಹಾಳಾಗುತ್ತದೆ. ಆದ್ದರಿಂದ ಎಂಜಿನ್ನಿನ ಹೊಟ್ಟೆಗೆ ಹೀಟರ್ ಪ್ಯಾಡ್ ಅಂಟಿಸಿರುತ್ತೇವೆ. ಹಿಂದಿನ ದಿನವೇ ಆನ್ ಮಾಡಿಟ್ಟರೆ ಬೆಳಿಗ್ಗೆ ಹದವಾಗಿರುತ್ತದೆ. ಅದಕ್ಕಾಗಿ ಇಪ್ಪತ್ತು ಮೈಲಿ ಓಡಾಡಬೇಕಾಗಿಲ್ಲ. ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಗೋಡೆಗೆ ಒಂದು ಪೆಟ್ಟಿಗೆ ಇದೆ, ಫೋನಿನಲ್ಲಿ ಒಂದು ಬಟನ್ ಇದೆ. ಒಮ್ಮೆ ಒತ್ತಿದರೆ ಆನ್. ಇನ್ನೊಮ್ಮೆ ಒತ್ತಿದರೆ ಆಫ್. ಒತ್ತಿದ ಮೇಲೆ ಪೆಟ್ಟಿಗೆ ಆನ್ ಎಂದೋ ಆಫ್ ಎಂದೋ ಉತ್ತರ ಕಳಿಸಬೇಕು. ತಗಡಿನ ಹ್ಯಾಂಗರ್ ಆದ್ದರಿಂದ ಸಿಗ್ನಲ್ ಕಮ್ಮಿ; ಮನಸ್ಸು ಬಂದರೆ ಕಳಿಸುತ್ತದೆ. ನನ್ನ ಫೋನು ಕೈಕೊಟ್ಟರೆ ಏನು ಗತಿ ಎಂದು ಯೋಚಿಸಿ ಆ ಬಟನ್ನನ್ನು ಸುಧಾಳ ಫೋನಿಗೂ, ಪಾಟೀಲರ ಫೋನಿಗೂ, ಇಂಚರಳ ಫೋನಿಗೂ ಹಾಕಿಕೊಟ್ಟಿದ್ದೆ. ಮುಂಜಾಗ್ರತೆ!

ಶುಕ್ರವಾರ ಮಧ್ಯಾಹ್ನ ವಿಮಾನದ ಮೂತಿಗೆ ಹೊದಿಸುವ ದಪ್ಪ ಹೊದಿಕೆಯನ್ನು ಹುಡುಕಿದರೆ ಇಲಿಗಳು ಅದರಲ್ಲಿ ಸಂಸಾರ ಹೂಡಿದ್ದವು. ತಜ್ಞ ಗಾಬರಿಯಾಗಲಿಲ್ಲ. ಮನೆಗೆ ಬಂದು ಮಲಗುವ ಕೋಣೆಯ ಕಪಾಟು ತೆಗೆದೆ. ಹದಿನಾಲ್ಕು ಶಾಲುಗಳು! ನಮ್ಮ ಕನ್ನಡ ಸಂಘದಲ್ಲಿ ಒಮ್ಮೆ ಯುಗಾದಿಗೆ, ಒಮ್ಮೆ ರಾಜ್ಯೋತ್ಸವಕ್ಕೆ ಎಂದು ನನಗೆ ಹೊದಿಸಿದವು. ನಾನು ಹಾಡುವವನಲ್ಲ, ಭಾಷಣ ಮಾಡುವವನಲ್ಲ. ಪಾರ್ಕಿಂಗ್ ನೋಡಿಕೊಳ್ಳುವವನು. ಇಪ್ಪತ್ತು ವರ್ಷ ಸಭೆಯ ಒಳಗೆ ನಾಟಕ ನಡೆಯುವಾಗ ಹೊರಗೆ ಹಿಮದಲ್ಲಿ ಟಾರ್ಚ್ ಹಿಡಿದು ನಿಂತಿದ್ದಕ್ಕೆ, ಕೊನೆಯಲ್ಲಿ ಎಲ್ಲರೂ ಊಟದ ಸಾಲಿಗೆ ಓಡಿದ ಮೇಲೆ, ಹೊದಿಸಿದ ಶಾಲುಗಳು.

"ರೀ, ಸನ್ಮಾನದ ಶಾಲು ಕಣ್ರೀ! ಎಂಜಿನ್‌ಗೆ ಹೊದಿಸ್ತೀರಾ?" ಎಂದಳು ಸುಧಾ.

"ನನಗಿಂತ ಅದಕ್ಕೇ ಹೆಚ್ಚು ಉಪಯೋಗ" ಎಂದೆ. ಆಗ ಅದು ವಿನಯವಾಗಿತ್ತು. ಈಗ ಇತಿಹಾಸ.

ಹದಿನಾಲ್ಕನ್ನೂ ಒಯ್ದು ಪಿನ್ನು ಹಾಕಿ ವಿಮಾನದ ಮೂತಿಗೆ ಹೊದಿಸಿದೆ. ಜರಿ ಅಂಚು ಹೊರಗೆ ಬರುವ ಹಾಗೆ. ಮನೆಗೆ ಬಂದು, ತೀರಾ ಬೇಗ ಕಾಯಿಸುವುದೂ ಅಪಾಯ ಎಂದು ಕಾದು, ಐದು ಗಂಟೆಗೆ ಬಟನ್ ಒತ್ತಿದೆ. ಊಟಕ್ಕೆ ಕೂತಾಗ ಆಯಿಲ್ ಬಗ್ಗೆ, ಆರು ಡಿಗ್ರಿಯ ಬಗ್ಗೆ, ಹೀಟರ್ ಆನ್ ಆಗಿರದಿದ್ದರೆ ಆಗಬಹುದಾದ ಅನಾಹುತದ ಬಗ್ಗೆ ಎಲ್ಲರಿಗೂ ವಿವರವಾಗಿ ತಿಳಿಸಿದೆ. ಪಾಟೀಲರಿಗೂ ಫೋನ್ ಮಾಡಿ ತಿಳಿಸಿದೆ. ಯಾರೊಬ್ಬರೂ ನಿಶ್ಚಿಂತೆಯಿಂದ ಇರಬಾರದೆಂಬುದು ನನ್ನ ಧ್ಯೇಯ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಹ್ಯಾಂಗರ್ ಬಾಗಿಲು ತೆಗೆದೆವು. ಇಂಚರಳ ಕೆನ್ನೆ ಕೆಂಪಾಗಿತ್ತು. ಕಣ್ಣು ಹೊಳೆಯುತ್ತಿತ್ತು. ಹದಿನಾರರ ಮುಖ.

ಗೋಡೆಯ ಪೆಟ್ಟಿಗೆಯಲ್ಲಿ ದೀಪ ಇರಲಿಲ್ಲ.

ಶಾಲಿನ ಕೆಳಗೆ ಕೈ ಹಾಕಿದೆ. ಸಮಾಧಿಯ ಕಲ್ಲು ಮುಟ್ಟಿದಂತಿತ್ತು. ಶಾಲು ತಾನಾಗಿ ಬಿಸಿ ಕೊಡುವುದಿಲ್ಲ, ಒಳಗಿದ್ದುದನ್ನು ಕಾಪಾಡುತ್ತದೆ. ರಾತ್ರಿಯಿಡೀ ಅದು ಚಳಿಯನ್ನು ಬಹು ನಿಷ್ಠೆಯಿಂದ ಕಾಪಾಡಿತ್ತು.

"ನಾನು ಐದಕ್ಕೇ ಒತ್ತಿದ್ದೆ!" ಎಂದು ಕೂಗಿದೆ.

"ಎಷ್ಟ್ ಸಲ?" ಎಂದಳು ಸುಧಾ. ಇಪ್ಪತ್ತೇಳು ವರ್ಷದ ದಾಂಪತ್ಯದ ಪ್ರಶ್ನೆ ಅದು.

"ಒಂದು ಸಲ ಒತ್ತಿದೆ. ಉತ್ತರ ಬರಲಿಲ್ಲ, ಇನ್ನೊಂದು ಸಲ ಒತ್ತಿದೆ. ಹಾಗಾದರೆ ಆಫ್ ಆಗಿರಬಹುದಲ್ಲ ಅಂತ ಮತ್ತೊಂದು ಸಲ. ಮೂರು. ಮೂರು ಅಂದರೆ ಆನ್! ಲೆಕ್ಕ ಸರಿಯಾಗಿದೆ."

ಸುಧಾ ಗ್ಲೌಸ್ ನೋಡಿಕೊಂಡಳು. "ಊಟದಲ್ಲಿ ನೀವು ಅಷ್ಟ್ ಹೆದರಿಸಿದ್ರಲ್ಲ... ಪಾತ್ರೆ ತೊಳೆದು, ಗ್ಯಾಸ್ ಆಫ್ ಮಾಡಿ, ಇದನ್ನೂ ಒಂದ್ಸಲ ಒತ್ಬಿಡೋಣ ಅಂತ..."

ನಾಲ್ಕು. ಆಫ್.

ಪಾಟೀಲರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. "ಒತ್ತೀನ್ರೀ ಸರ!" ಎಂದರು ಹುರುಪಿನಿಂದ. "ಮಗಳು ಮೊದಲನೇ ಸಲ ಹಾರಾಕತ್ಯಾಳ, ಒತ್ತದ ಇರ್ತೀನೇನು? ಒತ್ತಿದ ಮ್ಯಾಲೆ ನೆನಪಾತು, ಶ್ರೀಧರ ಸರ ಒತ್ತೇ ಇರ್ತಾರ, ನಾ ಎಲ್ಲಿ ಬಂದ್ ಮಾಡಿದೆನೋ ಅಂತ. ಅದಕ್ಕ ಇನ್ನೊಮ್ಮೆ ಒತ್ತಿ ಇದ್ದಂಗ ಮಾಡಿಬಿಟ್ಟೆ."

ಐದು, ಆರು. ಇದ್ದ ಹಾಗೆಯೇ ಆಯಿತು. ಆಫ್.

ಇಂಚರ ತನ್ನ ಫೋನ್ ತೆಗೆದು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಐ ಪ್ರೆಸ್ಡ್ ಇಟ್ ಟೂ."

"ನೀನಾ? ಯಾವಾಗ?"

"ಅರೌಂಡ್ ಫೈವ್, ದಿಸ್ ಮಾರ್ನಿಂಗ್. ಐ ವಾಸ್ ಅಪ್. ಐ ವಾಸ್ ಎಕ್ಸೈಟೆಡ್, ಓಕೆ?"

ಏಳು. ಏಳು ಅಂದರೆ ಆನ್! ಬೆಳಗಿನ ಐದಕ್ಕೆ ಆನ್ ಆಗಿದ್ದರೆ ಹತ್ತಕ್ಕೆ ಐದು ಗಂಟೆ ಬಿಸಿ. ಧಾರಾಳವಾಗಿ ಸಾಕು. ಹಾಗಾದರೆ ದೀಪ ಏಕಿಲ್ಲ?

ನನಗೆ ನೆನಪಾಯಿತು. ಐದೂಕಾಲಿಗೆ ಬಚ್ಚಲುಮನೆಗೆ ಎದ್ದಿದ್ದೆ. ಯಾವುದಕ್ಕೂ ಇರಲಿ ಎಂದು...

ಎಂಟು.

ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ. ತಾಯಿ ಮಗಳು ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಆದರೂ ಎಲ್ಲ ಮುಗಿದಿರಲಿಲ್ಲ. ಏರ್‌ಪೋರ್ಟಿನ ಮೆಕ್ಯಾನಿಕ್ ವಾಲ್ಟ್ ಎಂಬ ಮುದುಕನ ಹತ್ತಿರ ಬಿಸಿಗಾಳಿ ಊದುವ ಯಂತ್ರವಿದೆ. ಆನೆಯ ಸೊಂಡಿಲಿನಂಥ ಕೊಳವೆ. ಎಂಜಿನ್ ಮುಚ್ಚಳದ ಸಂದಿಗೆ ಅದನ್ನು ಹಿಡಿದರೆ ಒಂದೂವರೆ ಗಂಟೆಯಲ್ಲಿ ಕೆಲಸವಾಗುತ್ತದೆ. ಅವನು ಯಂತ್ರ ತಳ್ಳಿಕೊಂಡು ಬಂದು, ಹದಿನಾಲ್ಕು ಜರಿ ಶಾಲು ಹೊದ್ದು ಗಂಭೀರವಾಗಿ ನಿಂತಿದ್ದ ವಿಮಾನವನ್ನು ನೋಡಿದ. ಟೋಪಿ ತೆಗೆದ. ಯಾರ ಮದುವೆ ಎಂದು ಕೇಳಿದ. ಸುಧಾ ಹಿಮದ ಕಡೆ ತಿರುಗಿ ನಿಂತಳು. ಶಾಲುಗಳನ್ನೆಲ್ಲ ತೆಗೆಸಿ, ಕೊಳವೆ ಸಿಕ್ಕಿಸಿ, ಇದರ ಹತ್ತಿರ ಬಟ್ಟೆ ಬರಕೂಡದು ಎಂದು ನನಗೆ ಎರಡು ಸಲ ಹೇಳಿ ವಾಲ್ಟ್ ಕಾಫಿಗೆ ಹೋದ.

ಒಂದು ಗಂಟೆ ಕಳೆಯಿತು. ಎಂಜಿನ್ ಮುಟ್ಟಿ ನೋಡಿದೆ. ಉಗುರುಬೆಚ್ಚಗೆ! ಇಂಚರ ಆಗಲೇ ಒಳಗೆ ಹತ್ತಿ ಸೀಟಿನಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡಿದ್ದಳು. ಗಾಜಿನಾಚೆಯಿಂದ ನನಗೆ ಹೆಬ್ಬೆರಳು ತೋರಿಸಿದಳು. ಎಂಟು ವರ್ಷಗಳಲ್ಲಿ ನಾನು ಕಂಡ ಅತ್ಯಂತ ಸುಂದರ ದೃಶ್ಯ ಅದು.

ಅಷ್ಟರಲ್ಲಿ ತಜ್ಞನ ಕಣ್ಣಿಗೆ ಬಿತ್ತು: ಕೊಳವೆಯ ಪಕ್ಕದ ಸಂದಿಯಿಂದ ಬಿಸಿಗಾಳಿ ಸೋರುತ್ತಿದೆ. ಎಂಥ ವ್ಯರ್ಥ! ಒಂದು ಶಾಲು ಮಡಿಸಿ ಆ ಸಂದಿಗೆ ತುರುಕಿದೆ.

ಐದು ನಿಮಿಷಕ್ಕೆ ಉಣ್ಣೆ ಸುಟ್ಟ ವಾಸನೆ ಬಂತು. ಆಮೇಲೆ ಹೊಗೆ. "ರೀ! ಶಾಲು!" ಎಂದು ಸುಧಾ ಕಿರುಚಿದಳು. ನಾನು ಬೆಂಕಿ ಆರಿಸುವ ಸಿಲಿಂಡರ್ ತರಲು ಓಡಿದೆ. ಮುಂಜಾಗ್ರತೆಯ ಮನುಷ್ಯ, ಎರಡಿಟ್ಟಿದ್ದೆ. ಒಂದರ ಪಿನ್ನು ಕಿತ್ತು, ಕಣ್ಣು ಮುಚ್ಚಿ, ಎಂಜಿನ್ನಿನ ಬಾಯಿಗೆ ಹಿಡಿದು ಒತ್ತಿದೆ.

"ಅಪ್ಪಾ, ಸ್ಟಾಪ್! ಇಟ್ಸ್ ಔಟ್! ಇಟ್ಸ್ ಔಟ್!"

ಕಣ್ಣು ಬಿಟ್ಟೆ. ಇಂಚರ ಯಾವಾಗಲೋ ಕೆಳಗೆ ಹಾರಿ, ಶಾಲನ್ನು ಎಳೆದು, ಹೊರಗೆ ಹಿಮಕ್ಕೆ ಹಾಕಿ ತುಳಿದು ಮುಗಿಸಿದ್ದಳು. ನಾನು ಆರಿಸಿದ್ದು ಇಲ್ಲದ ಬೆಂಕಿಯನ್ನು. ಎಂಜಿನ್ ಒಳಗೂ ಹೊರಗೂ ಹಳದಿ ಪುಡಿ. ಆ ಪುಡಿ ಲೋಹವನ್ನು ತಿನ್ನುತ್ತದೆ. ಎಂಜಿನ್ ಬಿಚ್ಚಿ ತೊಳೆಯದೆ ಸ್ಟಾರ್ಟ್ ಮಾಡುವ ಹಾಗಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಅದರ ಮೇಲೂ ಒಮ್ಮೆ ವರದಿ ಬರೆದಿದ್ದೇನೆ. ಕಾಫಿ ಹಿಡಿದು ಬಂದ ವಾಲ್ಟ್ ಒಳಗೆ ಇಣುಕಿ ಯಂತ್ರ ಆಫ್ ಮಾಡಿದ. ಅವನ ಹತ್ತಿರವಿದ್ದ ಥರ್ಮಾಮೀಟರ್ ಪ್ರಕಾರ ಎಂಜಿನ್ ಆಗ ಹಾರಲು ಹೇಳಿಮಾಡಿಸಿದಷ್ಟು ಬೆಚ್ಚಗಿತ್ತು.

"ಕಾರಲ್ಲಿ ಬಿಟ್ಟು ಬರ್ತೀನಿ ಕಣೇ. ಐದು ಗಂಟೆ ದಾರಿ, ಅಷ್ಟೇ" ಎಂದೆ.

"ಇಟ್ಸ್ ಫೈನ್, ಅಪ್ಪಾ. ಮೇಗನ್ ಈಸ್ ಕಮಿಂಗ್. ಶಿ ಸೇವ್ಡ್ ಮಿ ಎ ಸೀಟ್."

"ಯಾವಾಗ ಹೇಳಿದೆ ಅವಳಿಗೆ?"

"ಥರ್ಸ್‌ಡೇ. ಜಸ್ಟ್ ಇನ್ ಕೇಸ್."

ಗುರುವಾರ. ಅಂದರೆ ನನ್ನನ್ನು ಕೇಳುವ ಹಿಂದಿನ ದಿನ. ಮುಂಜಾಗ್ರತೆ! ನನ್ನದೇ ರಕ್ತ. ಮೇಗನ್ ಶಿಕಾಗೋ ಪಕ್ಕದ ಲೊಂಬಾರ್ಡ್ ಊರಿಗೆ ಹೊರಟವಳು ಗೇಟಿನ ಹತ್ತಿರ ಬಂದು ಹಾರ್ನ್ ಮಾಡಿದಳು. ಇಂಚರ ನನ್ನ ಹೆಗಲ ಮೇಲಿನ ಹಳದಿ ಪುಡಿ ಕೊಡವಿ, ಒಂದು ಸಲ ಅಪ್ಪಿಕೊಂಡು, ಹೋದಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಸುಧಾ ಹದಿಮೂರು ಶಾಲುಗಳನ್ನು ಮಡಿಸಿ, ಅರ್ಧ ಸುಟ್ಟ ಹದಿನಾಲ್ಕನೆಯದನ್ನು ತಂದು ನನಗೆ ಹೊದಿಸಿದಳು. "ನಡುಗ್ತಿದೀರಿ" ಎಂದಳು. ಇಷ್ಟು ವರ್ಷಗಳಲ್ಲಿ ಯೋಗ್ಯತೆಗೆ ತಕ್ಕಂತೆ ಆದ ಸನ್ಮಾನ ಅದೊಂದೇ.

ಇದೆಲ್ಲ ಆಗಿ ಒಂದು ತಿಂಗಳು. ಎಂಜಿನ್ನನ್ನು ಬಿಚ್ಚಿ ವಾಲ್ಟ್ ಒಯ್ದಿದ್ದಾನೆ. ಹ್ಯಾಂಗರ್‌ನಲ್ಲಿ ಮೂತಿಯಿಲ್ಲದ ವಿಮಾನವೂ ಗೋಡೆಯ ಮೇಲೆ ಪೆಟ್ಟಿಗೆಯೂ ಇವೆ. ಇಂಚರಳಿಗೆ ಎಂಜಿನ್ ಬಿಚ್ಚಿದ ಸುದ್ದಿ ತಿಳಿಸಿಲ್ಲ. ಸುಮ್ಮನೆ ಯೋಚನೆ ಮಾಡುತ್ತಾಳೆ.

ಮೊನ್ನೆ ಶುಕ್ರವಾರ ಸಂಜೆ ಐದಕ್ಕೆ, ಎಂಜಿನ್ ಇಲ್ಲ ಎಂದು ಗೊತ್ತಿದ್ದೂ, ಅಭ್ಯಾಸಬಲದಿಂದ ಬಟನ್ ಒತ್ತಿಬಿಟ್ಟೆ. ಆಶ್ಚರ್ಯ! ಪೆಟ್ಟಿಗೆ ತಕ್ಷಣ ಉತ್ತರ ಕೊಟ್ಟಿತು.

"ಆಫ್."

ಆಫ್ ಆಗಬೇಕಾದರೆ ಮೊದಲು ಆನ್ ಆಗಿರಬೇಕಲ್ಲ? ಸುಧಾಳನ್ನು ಕೇಳಿದೆ. "ನನಗೇನ್ ತಲೆ ಕೆಟ್ಟಿದೆಯೇನ್ರೀ?" ಎಂದಳು. ಪಾಟೀಲರನ್ನು ಕೇಳಿದೆ. "ಎಂಜಿನ್ನ ಇಲ್ಲಲ್ರೀ ಸರ, ಏನ್ ಗೋಡೆ ಕಾಸಲೇನು?" ಎಂದರು. ಇನ್ನು ಉಳಿದಿರುವುದು ಒಂದೇ ಫೋನು. ಅದು ಸಿಯಾಟಲ್‌ನಲ್ಲಿದೆ.

ಅವಳು ಹೊತ್ತಿಸಿದ್ದನ್ನು ಎರಡನೆಯ ಸಲ ಆರಿಸಿದ ಕೀರ್ತಿಯೂ ನನ್ನದೇ. ಇನ್ನೊಮ್ಮೆ ಒತ್ತಿ ಸರಿಮಾಡೋಣ ಎಂದು ಅಂದಿನಿಂದ ಬೆರಳು ಹಿಡಿದುಕೊಂಡು ಕೂತಿದ್ದೇನೆ. ಧೈರ್ಯ ಬರುತ್ತಿಲ್ಲ. ಅದೇ ಹೊತ್ತಿಗೆ ಅಲ್ಲಿ ಅವಳೂ ಒತ್ತಿಬಿಟ್ಟರೆ?