ವಾಚನಾಲಯಕ್ಕೆ ಬೆಳಗಾದ ದಿನ

ವಾಚನಾಲಯದ ಹಳದಿ ಬಲ್ಬುಗಳು ಹೋಗಿ ಹೊಸ ದೀಪಗಳು ಬಂದಾಗ ಮೊದಲು ಕೆಟ್ಟದ್ದು ಗ್ರಂಥಪಾಲಕನ ನಿದ್ದೆ.

ಆ ವಾಚನಾಲಯಕ್ಕೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಪಕ್ಕದ ಕಟ್ಟಡದ ಗೋಡೆ ಮೂಗು ಒತ್ತಿಕೊಂಡು ನಿಂತಿತ್ತು. ಒಳಗೆ ಹಗಲೆಲ್ಲ ಮುಸ್ಸಂಜೆ. ಬಂದವರು ಪತ್ರಿಕೆ ಬಿಡಿಸಿ ಎರಡು ಸಾಲು ಓದಿ, ಮೂರನೆಯದರ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಗೋಡೆಯ ಬದಿಗೆ ನಿವೃತ್ತ ಮೇಷ್ಟ್ರು, ಬಾಗಿಲ ಬಳಿ ನಿವೃತ್ತ ಬಸ್ ಕಂಡಕ್ಟರು, ಮೂಲೆಯಲ್ಲಿ ಅಂಗಡಿ ಮುಚ್ಚಿಕೊಂಡು ಬಂದ ದರ್ಜಿ, ಮೇಜಿನ ಮೇಲೆ ಸ್ವತಃ ಗ್ರಂಥಪಾಲಕ. ಒಬ್ಬರ ಗೊರಕೆಗೆ ಇನ್ನೊಬ್ಬರ ತಕರಾರಿರಲಿಲ್ಲ. ಇಷ್ಟು ಒಗ್ಗಟ್ಟಿನ ಸಂಸ್ಥೆ ಊರಿನಲ್ಲಿ ಇನ್ನೊಂದಿರಲಿಲ್ಲ.

ಇದನ್ನು ಕೆಡಿಸಿದವಳು ವಾಚನಾಲಯ ಸಮಿತಿಯ ಅಧ್ಯಕ್ಷರ ಸೊಸೆ. ಕಟ್ಟಡಗಳ ಒಳಗೆ ಬೆಳಕು ಹೇಗಿರಬೇಕು ಎಂಬುದನ್ನೇ ಓದಿಕೊಂಡವಳು. ಒಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ನನ್ನು ಕರೆತಂದು ಏಣಿ ಹಾಕಿಸಿದಳು.

"ಈ ದೀಪ ಆಕಾಶದ ಥರ. ಹಗಲು ಬೆಳ್ಳಗಿರುತ್ತೆ, ಸಂಜೆಯಾಗ್ತಾ ಆಗ್ತಾ ತಾನೇ ಕೆಂಪಗಾಗುತ್ತೆ. ಹಗಲಲ್ಲಿ ಹಗಲಿನಂಥ ಬೆಳಕು ಬಿದ್ರೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ," ಎಂದಳು.

"ಹಗಲೇ ಚೆನ್ನಾಗಿ ಬರ್ತಿತ್ತಲ್ಲಮ್ಮಾ," ಎಂದ ಗ್ರಂಥಪಾಲಕ.

"ರಾತ್ರಿ?"

"ರಾತ್ರಿ ಹೇಗೂ ಕೆಲಸ ಇರಲ್ಲ. ಎದ್ದಿರ್ತೀನಿ."

ಸೊಸೆ ಏಣಿಯತ್ತ ತಿರುಗಿದಳು. ಪುಸ್ತಕಗಳಿದ್ದ ಒಳಕೋಣೆಗೂ ಒಂದು ದೀಪ ಹಾಕಿಸುವುದಾಗಿ ಹೇಳಿದಳು. ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂದು ಗ್ರಂಥಪಾಲಕ ತಪ್ಪಿಸಿದ. ಅವನೂ ಹೋಗಿ ವರ್ಷಗಳಾಗಿದ್ದವು. ಕಡೆಯ ಸಲ ಬಾಗಿಲು ತೆರೆದಾಗ ಕಪಾಟಿನ ಮೇಲೆ ಗೆದ್ದಲಿನ ಸಾಲು ಕಂಡಿತ್ತು. ಅವುಗಳ ಪಾಡಿಗೆ ಅವಿರಲಿ ಎಂದು ಬೀಗ ಹಾಕಿ ಬಂದವನು ಆಮೇಲೆ ಅತ್ತ ತಲೆ ಹಾಕಿರಲಿಲ್ಲ.

ಸಂಜೆ ಬಂದು ನೋಡುತ್ತೇನೆ ಎಂದು ಸೊಸೆ ಹೊರಟಳು. ಅಷ್ಟರಲ್ಲಿ ನಿತ್ಯದವರು ಬಂದು ಅಭ್ಯಾಸಬಲದಿಂದ ತಲೆಯಿಟ್ಟಾಗಿತ್ತು. ಗ್ರಂಥಪಾಲಕ ನಿಟ್ಟುಸಿರು ಬಿಟ್ಟು ಸ್ವಿಚ್ ಒತ್ತಿದ.

ಕಂಡಕ್ಟರು ಎದ್ದು ನಿಂತರು. "ಲಾಸ್ಟ್ ಸ್ಟಾಪು, ಎಲ್ಲಾ ಇಳೀರಿ," ಎಂದವರು, ಸುತ್ತ ನೋಡಿ ಮತ್ತೆ ಕೂತರು.

ಮೇಷ್ಟ್ರು ಕಣ್ಣುಜ್ಜಿಕೊಂಡು ಎದುರಿನ ಪತ್ರಿಕೆಯನ್ನು ಓದತೊಡಗಿದರು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, "ಇದು ಹೋದ ತಿಂಗಳದ್ದಲ್ವೇನ್ರೀ?" ಎಂದರು.

"ನೀವಿನ್ನೂ ಮುಗಿಸಿರಲಿಲ್ಲ ಮೇಷ್ಟ್ರೇ. ಅದಕ್ಕೇ ತೆಗೀಲಿಲ್ಲ."

ದರ್ಜಿ ಮಾತ್ರ ಗ್ರಂಥಪಾಲಕನ ಅಂಗಿಯನ್ನೇ ನೋಡುತ್ತಿದ್ದ. "ಇದು ನಾನು ಹೊಲಿದದ್ದಾ? ತೋಳು ಎರಡೂ ಒಂದೊಂದು ಬಣ್ಣ ಇದಾವಲ್ಲ."

"ನೀನು ಇಲ್ಲಿನ ಹಳೇ ಬೆಳಕಲ್ಲೇ ಬಟ್ಟೆ ಆರಿಸಿದ್ದೆ, ನಾನೂ ಇಲ್ಲೇ ಹಾಕ್ಕೊಂಡು ನೋಡಿದ್ದೆ. ಇಬ್ಬರಿಗೂ ಚೆನ್ನಾಗೇ ಕಂಡಿತ್ತು."

ಮಧ್ಯಾಹ್ನದೊಳಗೆ ಇದ್ದಬದ್ದ ಪತ್ರಿಕೆಗಳೆಲ್ಲ ಮುಗಿದವು. ಸಂಪಾದಕೀಯದ ಮೇಲೆ ಮೇಷ್ಟ್ರಿಗೂ ಕಂಡಕ್ಟರಿಗೂ ಜಗಳವಾಗಿ ರಾಜಿಯೂ ಆಯಿತು. ಬರಗಾಲದ ದನ ಹಸಿರು ಕಂಡಂತೆ ಮೂವರೂ ಒಳಕೋಣೆಯ ಕಡೆ ತಿರುಗಿದರು.

"ಪುಸ್ತಕ ಕೊಡ್ರಿ," ಎಂದರು ಮೇಷ್ಟ್ರು.

"ಬೀಗದ ಕೈ ಮನೇಲಿದೆ," ಎಂದ ಗ್ರಂಥಪಾಲಕ, ಜೇಬನ್ನು ಒತ್ತಿಕೊಂಡು.

"ನಾನು ಹೋಗಿ ತರ್ತೀನಿ," ಕಂಡಕ್ಟರು ಚಪ್ಪಲಿ ಮೆಟ್ಟಿದರು.

"ಮನೇಲಿ ಯಾರೂ ಇಲ್ಲ."

"ನಿಮ್ಮ ಮನೆಯವರು ಇದೀಗ ಈ ಕಡೆಯಿಂದ್ಲೇ ಮನೆಗೆ ಹೋದ್ರಲ್ಲ," ಎಂದ ದರ್ಜಿ.

ಗ್ರಂಥಪಾಲಕ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತ. ಆ ಬಾಗಿಲು ತೆರೆದರೆ ಕೆಲಸ ಹೋದಂತೆಯೇ. ಊಟ ಮಾಡಿ ಬನ್ನಿ, ಅಷ್ಟರಲ್ಲಿ ಏರ್ಪಾಡು ಮಾಡುತ್ತೇನೆ ಎಂದು ಮೂವರನ್ನೂ ಸಾಗಹಾಕಿದ. ಹೊಸ ದೀಪಗಳನ್ನು ಆರಿಸಿ, ಮೇಜಿನ ಮೇಲೆ ಉಳಿದಿದ್ದ ಒಂದೇ ಒಂದು ಹಳದಿ ಬಲ್ಬನ್ನು ಹೊತ್ತಿಸಿದ. ಅವರು ಉಂಡು ಬಂದಾಗ, "ಹೊಸದು ಕೈಕೊಟ್ಟಿತು. ಹಳೇದೇ ಗಟ್ಟಿ," ಎಂದ.

ಹೊಟ್ಟೆ ತುಂಬಿದೆ, ಬೆಳಕು ಮಂದವಾಗಿದೆ. ಒಬ್ಬೊಬ್ಬರಾಗಿ ಉರುಳುವುದನ್ನು ನೋಡಲು ಅವನು ಗಲ್ಲಕ್ಕೆ ಕೈಕೊಟ್ಟು ಕೂತ. ಮೊದಲು ಮೇಷ್ಟ್ರು ಬೀಳುತ್ತಾರೋ ದರ್ಜಿಯೋ ಎಂದು ಲೆಕ್ಕ ಹಾಕುತ್ತಲೇ ಇದ್ದ.

ಎಚ್ಚರವಾದಾಗ ಮುಖದ ಮೇಲೆ ಪತ್ರಿಕೆಯೊಂದನ್ನು ಹೊದಿಸಲಾಗಿತ್ತು. ಸರಿಸಿದರೆ ಹಜಾರದ ತುಂಬ ತಿಳಿ ಕೆಂಪು ಬೆಳಕು. ಮೇಜಿನ ಮೇಲೆ, ಬೆಂಚಿನ ಮೇಲೆ, ನೆಲದ ಮೇಲೆ ಪುಸ್ತಕಗಳ ರಾಶಿ. ಒಳಕೋಣೆಯ ಬಾಗಿಲು ಹಾರುಹೊಡೆದಿತ್ತು. ಅಧ್ಯಕ್ಷರ ಸೊಸೆ ಒಂದು ದಪ್ಪ ಪುಸ್ತಕವನ್ನು ಎತ್ತಿ ಹಿಡಿದು, ಅದರೊಳಗಿನ ತೂತಿನ ಮೂಲಕ ಅವನನ್ನೇ ನೋಡುತ್ತಿದ್ದಳು.

"ಸ್ವಿಚ್ ಒತ್ತಿದ್ವಿ, ದೀಪ ಹತ್ತಿತು," ಎಂದರು ಕಂಡಕ್ಟರು. "ಬೀಗದ ಕೈ ನಿಮ್ಮ ಜೇಬಲ್ಲೇ ಇತ್ತು."

"ನನ್ನನ್ನ ಎಬ್ಬಿಸಬಾರದಿತ್ತಾ?" ಎಂದ ಗ್ರಂಥಪಾಲಕ ಕ್ಷೀಣವಾಗಿ.

"ಇಷ್ಟು ವರ್ಷ ನೀವು ಒಂದು ದಿನಾನೂ ನಮ್ಮನ್ನ ಎಬ್ಬಿಸಿದ್ದಿಲ್ಲ," ಎಂದರು ಮೇಷ್ಟ್ರು. "ನಮಗೆ ಮನಸ್ಸು ಹೇಗೆ ಬರುತ್ತೆ? ಬೆಳಕು ಕಣ್ಣಿಗೆ ಹೊಡೀದಿರಲಿ ಅಂತ ಪೇಪರ್ ಹೊದಿಸಿದ್ವಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಗ್ರಂಥಪಾಲಕ ಎದ್ದು ಕೈಜೋಡಿಸಿದ. "ಎಲ್ಲಾ ಈ ಕತ್ತಲೆಯಿಂದಮ್ಮಾ. ಪುಸ್ತಕಕ್ಕೆ ಗೆದ್ದಲು ಹಿಡೀತು, ನನಗೆ ನಿದ್ದೆ ಹಿಡೀತು. ನನ್ನ ತಪ್ಪು ಇದರಲ್ಲಿ ಏನಿದೆ?"

ಸೊಸೆ ಪುಸ್ತಕವನ್ನು ಕೆಳಗಿಟ್ಟಳು. ಅವಳ ಮುಖ ಮೃದುವಾಯಿತು. "ನಾನೂ ಅದನ್ನೇ ಯೋಚಿಸ್ತಿದ್ದೆ. ಪಾಪ, ನಿಮ್ಮ ದೇಹಕ್ಕೆ ಹಗಲು ಯಾವುದು ರಾತ್ರಿ ಯಾವುದು ಅನ್ನೋದೇ ಮರೆತುಹೋಗಿದೆ. ಮಾವನವರಿಗೆ ನಾನೇ ಹೇಳ್ತೀನಿ. ನಿಮ್ಮ ಕೆಲಸಕ್ಕೇನೂ ತೊಂದರೆ ಆಗಲ್ಲ."

ಗ್ರಂಥಪಾಲಕನ ಎದೆಯ ಮೇಲಿಂದ ಬಂಡೆ ಇಳಿಯಿತು.

"ಆದ್ರೆ ನಿಮಗೆ ದೀಪದ ಬೆಳಕು ಸಾಲದು," ಎಂದು ಅವಳು ಮುಂದುವರಿಸಿದಳು. "ಬೆಳಗಿನ ಎಳೆಬಿಸಿಲೇ ಬೇಕು. ಗೆದ್ದಲು ಹಿಡಿದ ಪುಸ್ತಕಕ್ಕೂ ಬಿಸಿಲೇ ಮದ್ದು. ನಾಳೆಯಿಂದ ಸೂರ್ಯ ಹುಟ್ಟೋ ಹೊತ್ತಿಗೆ ಬಂದು ಇವನ್ನೆಲ್ಲ ತಾರಸಿಗೆ ಹೊತ್ತು ಹಾಕಿ. ಸಂಜೆ ಕೆಳಗಿಳಿಸಿ. ರಾತ್ರಿ ನಿದ್ದೆ ಹೇಗೆ ಬರಲ್ಲ ನೋಡೋಣ."

ತಾರಸಿಗೆ ಹೋಗಲು ಇದ್ದದ್ದು ಕಡಿದಾದ ಕಬ್ಬಿಣದ ಏಣಿ. ಗ್ರಂಥಪಾಲಕ ಪುಸ್ತಕದ ರಾಶಿಯನ್ನೂ ಏಣಿಯನ್ನೂ ನೋಡಿ, ಗೆಳೆಯರ ಕಡೆ ತಿರುಗಿದ.

"ಒಬ್ಬರೇ ಅಂತ ಬೇಜಾರು ಮಾಡ್ಕೋಬೇಡಿ ಸ್ವಾಮಿ," ಎಂದರು ಮೇಷ್ಟ್ರು, ಅವನ ಬೆನ್ನು ಸವರುತ್ತ. "ನಾವೂ ಬೆಳಿಗ್ಗೇನೇ ಬಂದ್ಬಿಡ್ತೀವಿ. ನೀವು ಹೊತ್ತು ತರ್ತಾ ಇರಿ, ನಾವು ಮೇಲೆ ಕೂತು ಓದ್ತಾ ಇರ್ತೀವಿ."