ಬೆನೆಡಿಟಾಳ ಭದ್ರಕೋಟೆ

ಜುಯಿಜ್ ದಿ ಫೋರಾ ಊರಿನಲ್ಲಿ ಒಸ್ಮಾರ್ ಫಿಗೇರಾ ಹಾಕಿದ ಬೀಗವನ್ನು ಒಸ್ಮಾರ್ ಫಿಗೇರಾನೇ ಬಂದು ತೆಗೆಯಬೇಕು! ಇದು ಊರವರ ಮಾತಲ್ಲ, ಒಸ್ಮಾರ್ ಫಿಗೇರಾನದೇ ಮಾತು. ಬೀಗ ಮಾಡುವುದು, ರಿಪೇರಿ ಮಾಡುವುದು, ಕೀಲಿ ಕಳೆದುಕೊಂಡವರ ಬಾಗಿಲು ತೆಗೆಯುವುದು ಅವನ ಕಸುಬು. ಅಂಥ ಮಹಾನುಭಾವನ ಮನೆಯಿಂದಲೇ ಒಂದು ಜೀವ ಮೇಲಿಂದ ಮೇಲೆ ತಪ್ಪಿಸಿಕೊಂಡು ಹೋಗುತ್ತಿತ್ತು.

ಆ ಜೀವದ ಹೆಸರು ಬೆನೆಡಿಟಾ. ಹೆಬ್ಬಾವಿನ ಜಾತಿಯ ಜಿಬೋಯಾ ಹಾವು. ತಂದವಳು ಒಸ್ಮಾರ್‌ನ ಹೆಂಡತಿ ಜಾಂಡಿರಾ, ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಪರವಾನಗಿ ಪಡೆದು ತಂದ ಹಾವು, ಬಲು ಸಾಧು. ಮೊದಮೊದಲು ಅದನ್ನು ಕಂಡರೆ ಕುರ್ಚಿ ಹತ್ತಿ ನಿಲ್ಲುತ್ತಿದ್ದ ಒಸ್ಮಾರ್ ಈಚೆಗೆ ಅದರ ಜೊತೆ ಫುಟ್‌ಬಾಲ್ ನೋಡುವಷ್ಟು ಹೊಂದಿಕೊಂಡಿದ್ದ. ಆದರೆ ಅದರ ಗಾಜಿನ ತೊಟ್ಟಿಯ ಮುಚ್ಚಳವಿತ್ತಲ್ಲ, ಅದು ಹೆಸರಿಗೆ ಮಾತ್ರ ಮುಚ್ಚಳ. ಒಮ್ಮೆ ಬೆನೆಡಿಟಾ ಫ್ರಿಜ್ಜಿನ ಹಿಂದೆ ಸಿಕ್ಕಿದಳು. ಇನ್ನೊಮ್ಮೆ ಬಟ್ಟೆ ಒಗೆಯುವ ಯಂತ್ರದೊಳಗೆ. ಮತ್ತೊಮ್ಮೆ ಎದುರು ಮನೆಯಾಕೆ ಡೋನಾ ಕಿತೇರಿಯಾ ಇಸ್ತ್ರಿ ಮಾಡಿಟ್ಟ ದಿಂಬಿನ ಚೀಲಗಳ ಮೇಲೆ, ಮಹಾರಾಣಿಯಂತೆ!

ಡೋನಾ ಕಿತೇರಿಯಾ ಬರೀ ಎದುರು ಮನೆಯವರಾಗಿದ್ದರೆ ಹೇಗೋ ಆಗುತ್ತಿತ್ತು. ಇಡೀ ಕಟ್ಟಡದ ಮೇಲ್ವಿಚಾರಣೆಯೂ ಅವರದೇ. ಅವರು ಸಭೆ ಕರೆದರು.

"ಇನ್ನೊಂದ್ಸಲ ಆ ಹಾವು ಕಾರಿಡಾರಿನಲ್ಲಿ ಕಾಣಿಸ್ಲಿ, ಅದು ಈ ಕಟ್ಟಡ ಬಿಟ್ಟು ಹೋಗಬೇಕು, ಅಷ್ಟೇ!"

ಜಾಂಡಿರಾಳ ಮುಖ ಸಣ್ಣಗಾಯಿತು. ಅದನ್ನು ನೋಡಿ ಒಸ್ಮಾರ್‌ನ ರಕ್ತ ಕುದಿಯಿತು. ಎದ್ದು ನಿಂತ.

"ನಾನು ಬೀಗದವನು! ಈ ಕೈಯಿಂದಲೇ ಒಂದು ಗೂಡು ಮಾಡ್ತೀನಿ. ಅದರೊಳಗೆ ಹೋದ ಇರುವೆ ಕೂಡ ನನ್ನ ಅಪ್ಪಣೆ ಇಲ್ಲದೆ ಹೊರಗೆ ಬರೋದಿಲ್ಲ!"

"ನೋಡೋಣ, ನೋಡೋಣ. ಶನಿವಾರ ನಾನೇ ಬಂದು ಪರೀಕ್ಷೆ ಮಾಡ್ತೀನಿ," ಎಂದರು ಡೋನಾ ಕಿತೇರಿಯಾ.

ಅಜ್ಜಿಯ ಕಾಲದ ಮರದ ಕಪಾಟೊಂದು ಮನೆಯಲ್ಲಿತ್ತು. ಒಸ್ಮಾರ್ ಅದರ ಹಲಗೆಗಳನ್ನೆಲ್ಲ ಬಿಚ್ಚಿ, ಬಾಗಿಲಿಗೆ ಸುತ್ತಿಗೆಗೂ ಜಗ್ಗದ ಗಾಜು ಕೂರಿಸಿದ. ಕೆಳಗೆ ಗಾಳಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ. ಒಳಗೆ ಸುತ್ತಿಕೊಳ್ಳಲು ಪೇರಲೆಯ ಕೊಂಬೆ, ಮೀಯಲು ನೀರಿನ ಬೋಗುಣಿ. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲು ತಳ್ಳಿದರೆ ಸಾಕು, ತಾನಾಗಿಯೇ ಟಕ್ಕೆಂದು ಬೀಳುವ ಬೀಗ! ಕೀಲಿಕಿಂಡಿ ಹೊರಗಡೆ ಮಾತ್ರ.

"ಬೀಗ ಚೆನ್ನಾಗಿದೆ ಕಣ್ರೀ," ಎಂದಳು ಜಾಂಡಿರಾ. "ಆದ್ರೆ ಹಾವಿಗೆ ಕೈಯಿಲ್ಲ. ಅದು ಬೀಗ ಮುರಿಯೋಲ್ಲ, ಸಂದಿ ಹುಡುಕುತ್ತೆ. ತಲೆ ತೂರಿಸಿದ್ರೆ ಮುಗೀತು, ಮೈ ಹಿಂದೇನೇ ಬರುತ್ತೆ."

"ನನ್ನ ಕೆಲಸದಲ್ಲಿ ಸಂದಿಯಾ? ನೀನು ಕಪ್ಪೆ, ಎಲೆ ನೋಡ್ಕೋ ಮಾರಾಯ್ತಿ!"

"ಹಾಗಾದ್ರೆ ಗಾಜಿಗೂ ಜಾಲರಿಗೂ ರಟ್ಟು ಅಂಟಿಸಿ, ಒಳಗಿಂದ ಒಂದ್ಸಲ ನೋಡಿ. ಎಲ್ಲಿ ಬೆಳಕು ಬರುತ್ತೋ ಅಲ್ಲಿ ಬೆನೆಡಿಟಾ ಹೊರಗೆ ಹೋಗ್ತಾಳೆ."

ಶನಿವಾರ ಮಧ್ಯಾಹ್ನ ಜಾಂಡಿರಾ ಬೆನೆಡಿಟಾಳನ್ನು ದಿಂಬಿನ ಚೀಲಕ್ಕೆ ಇಳಿಸಿ, ಚೀಲದ ಬಾಯಿಗೆ ಗಂಟು ಹಾಕಿ, ಸ್ನಾನದ ಮನೆಯಲ್ಲಿಟ್ಟು, "ಗಂಟು ಮುಟ್ಟಬೇಡಿ ಆಯ್ತಾ?" ಎಂದು ಹೇಳಿ ಸಂತೆಗೆ ಹೋದಳು. ಅವಳು ಮೆಟ್ಟಿಲಿಳಿದಿದ್ದೇ ತಡ, ಒಸ್ಮಾರ್ ಹೋಗಿ ಚೀಲ ನೋಡಿದ. ಪಾಪ, ಉಸಿರು ಕಟ್ಟೀತು ಎನಿಸಿತು. ಗಂಟನ್ನು ಸ್ವಲ್ಪ, ಸ್ವಲ್ಪವೇ ಸ್ವಲ್ಪ ಸಡಿಲಿಸಿದ.

ಆಮೇಲೆ ಗಾಜಿಗೆ, ಜಾಲರಿಗೆ ರಟ್ಟು ಅಂಟಿಸಿ, ಹೊಟ್ಟೆ ಒಳಗೆಳೆದುಕೊಂಡು ಕಪಾಟಿನೊಳಗೆ ಹೊಕ್ಕ. ಕೊಂಬೆ ಕಂಕುಳಿಗೆ, ಮೊಣಕಾಲು ಗದ್ದಕ್ಕೆ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಟಕ್!

ಕಗ್ಗತ್ತಲೆ. ಎಡಕ್ಕೆ ನೋಡಿದ, ಕತ್ತಲೆ. ಬಲಕ್ಕೆ, ಮೇಲಕ್ಕೆ, ಕೆಳಕ್ಕೆ, ಎಲ್ಲೂ ಒಂದು ಎಳೆ ಬೆಳಕಿಲ್ಲ. ಲೋಪವೂ ಇಲ್ಲ, ಸಂದಿಯೂ ಇಲ್ಲ. ವ್ಯಾಕರಣದ ಮೇಷ್ಟ್ರು ಬಂದರೂ ತಪ್ಪು ಹುಡುಕಲಾಗದು! ಒಸ್ಮಾರ್‌ನ ಎದೆ ಉಬ್ಬಿತು. ಉಬ್ಬಿದ ಎದೆಗೆ ಜಾಗ ಸಾಲದೆ ಹೋದಾಗ, ಈ 'ಟಕ್' ಎಂಬ ಸದ್ದು ಏನಿದ್ದಿರಬಹುದು ಎಂಬ ಯೋಚನೆ ಬಂತು.

ಕೀಲಿ ಜೇಬಿನಲ್ಲೇ ಇತ್ತು. ಕಿಂಡಿ ಹೊರಗಿತ್ತು. ಫೋನು ಮೇಜಿನ ಮೇಲಿತ್ತು.

ಭುಜದಿಂದ ತಳ್ಳಿದ. ಬೆನ್ನಿನಿಂದ ಗುದ್ದಿದ. ಬೋಗುಣಿ ಮಗುಚಿ ಕೂತ ಜಾಗ ತಣ್ಣಗಾಯಿತು. ಬಾಗಿಲು ಜಗ್ಗಲಿಲ್ಲ, ರಟ್ಟುಗಳು ಮಾತ್ರ ಕಳಚಿ ಬಿದ್ದವು. ಗಾಜಿನಾಚೆ ತನ್ನದೇ ನಡುಮನೆ ಬೆಳಗಿ ಕಂಡಿತು. ಅಲ್ಲಿ, ಸ್ನಾನದ ಮನೆಯ ಬಾಗಿಲಿನಿಂದ ಬೆನೆಡಿಟಾ ಯಾವ ಅವಸರವೂ ಇಲ್ಲದೆ ಹೊರಟು ಬರುತ್ತಿದ್ದಳು. ಕಪಾಟಿನ ಮುಂದೆ ನಿಂತು, ನಾಲಿಗೆ ಚಾಚಿ, ಒಳಗಿರುವ ಪ್ರಾಣಿಯನ್ನು ಒಂದು ಗಳಿಗೆ ನೋಡಿದಳು.

"ಬೆನೆಡಿಟಾ, ಚಿನ್ನಾ, ವಾಪಸ್ ಹೋಗಮ್ಮಾ," ಎಂದು ಗೋಗರೆದ ಒಸ್ಮಾರ್.

ಅವಳು ಸೋಫಾದ ಹಿಂದಕ್ಕೆ ಹೋದಳು. ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು.

"ಒಸ್ಮಾರ್ ಅವ್ರೇ! ಪರೀಕ್ಷೆಗೆ ಬಂದಿದ್ದೀನಿ!"

"ಒಳಗೆ ಬರಬೇಡಿ!"

"ಏನೂ ಕೇಳಿಸ್ತಿಲ್ಲ, ಒಳಗೇ ಬಂದೆ!" ಊರಿನ ಬಾಗಿಲಿಗೆಲ್ಲ ಬೀಗ ಹಾಕುವವನು ತನ್ನ ಬಾಗಿಲಿಗೆ ಚಿಲಕವನ್ನೂ ಹಾಕಿರಲಿಲ್ಲ. ಡೋನಾ ಕಿತೇರಿಯಾ ಒಳಬಂದರು. ಕೈಯಲ್ಲಿ ಬೇಕರಿಯಿಂದ ಆಗತಾನೇ ತಂದ ಚೀಸಿನ ಬನ್ನುಗಳ ಪೊಟ್ಟಣ ಹಬೆಯಾಡುತ್ತಿತ್ತು. ಕಪಾಟಿನತ್ತ ತಿರುಗಿದವರು ಅಲ್ಲೇ ನಿಂತರು.

"ಇದೇನ್ರೀ ಇದು! ಒಳಗೇನು ಮಾಡ್ತಿದ್ದೀರಾ?"

"ತಪಾಸಣೆ," ಎಂದ ಒಸ್ಮಾರ್ ಗಂಭೀರವಾಗಿ. "ಸಂದಿ ಇದೆಯಾ ನೋಡ್ತಿದ್ದೆ."

"ಇದೆಯಾ?"

"ಇಲ್ಲ."

"ಮತ್ತೆ ಹೊರಗೆ ಬನ್ನಿ."

"ಅದೇ... ಬರೋಕಾಗ್ತಿಲ್ಲ. ಕೀಲಿ ನನ್ನ ಹತ್ರಾನೇ ಇದೆ."

"ಅದನ್ನ ಯಾವ್ದಾದ್ರೂ ಸಂದಿಯಿಂದ ಈಚೆ ಹಾಕ್ರೀ!"

"ಸಂದಿ ಇಲ್ಲ ಅಂದ್ನಲ್ಲ, ಡೋನಾ ಕಿತೇರಿಯಾ!"

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ತಡೀರಿ. ಲಿಫ್ಟಿನ ಹತ್ರ ಯಾರೋ ಬೀಗದವನ ನಂಬರಿನ ಚೀಟಿ ಅಂಟಿಸಿದ್ದಾರೆ, ನನ್ನ ಫೋನಿನಲ್ಲೂ ಇದೆ. ಎಷ್ಟು ಹೊತ್ತಿಗೆ ಕರೆದ್ರೂ ಬರ್ತಾನಂತೆ." ನಂಬರು ಒತ್ತಿ ಕಿವಿಗಿಟ್ಟರು.

ಮೇಜಿನ ಮೇಲೆ ಒಸ್ಮಾರ್‌ನ ಫೋನು ಸಾಂಬಾ ಕುಣಿತದ ಹಾಡು ಹಾಡತೊಡಗಿತು!

ಇಬ್ಬರೂ ಅದು ಮುಗಿಯುವವರೆಗೆ ಕೇಳಿದರು. ಡೋನಾ ಕಿತೇರಿಯಾಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸುಸ್ತಾಗಿ, ಬಿಸಿ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲಿ ಕುಸಿದು ಕೂತರು. "ಜಾಂಡಿರಾ ಹತ್ರ ಇನ್ನೊಂದು ಕೀಲಿ ಇರಬೇಕಲ್ಲ, ಕಾಯೋಣ. ಅದಿರ್ಲಿ, ಹಾವೆಲ್ಲಿ?"

ಒಸ್ಮಾರ್‌ಗೆ ಕಾಣುತ್ತಿತ್ತು. ಸೋಫಾದ ಹಿಂದಿನಿಂದ ಬೆನೆಡಿಟಾ ಹಬೆಯ ಜಾಡು ಹಿಡಿದು ಏರುತ್ತಿದ್ದಳು. ಸುಳ್ಳು ಹೇಳಿದರೆ, ಹಾವು ತಟ್ಟನೆ ಮೈಮೇಲೆ ಬಂದಾಗ ಡೋನಾ ಕಿತೇರಿಯಾರ ಎದೆ ಒಡೆದೀತು, ನಿಜ ಹೇಳಿದರೆ ಬೆನೆಡಿಟಾ ಮನೆ ಬಿಟ್ಟಂತೆ. ಜಾಂಡಿರಾಳ ಸಣ್ಣಗಾದ ಮುಖ ಕಣ್ಮುಂದೆ ಬಂತು. ಆದರೂ ಹೇಳಿದ.

"ಅಲುಗಾಡಬೇಡಿ, ಡೋನಾ ಕಿತೇರಿಯಾ. ನಿಮ್ಮ ತೋಳಿನ ಹತ್ರ ಇದ್ದಾಳೆ. ಏನೂ ಮಾಡೋಲ್ಲ, ಚಳಿ ಅವಳಿಗೆ. ತಪ್ಪು ನಂದು, ಗಂಟು ಸಡಿಲ ಮಾಡಿದ್ದು ನಾನೇ."

ಡೋನಾ ಕಿತೇರಿಯಾ ಕಲ್ಲಾದರು. ಬೆನೆಡಿಟಾ ಅವರ ತೋಳಿನ ಮೇಲೆ ಹರಿದು ಮಡಿಲಿಗಿಳಿದು, ಬಿಸಿ ಪೊಟ್ಟಣದ ಸುತ್ತ ಸುತ್ತಿಕೊಂಡು ತಲೆಯಿಟ್ಟಳು. ಕೊನೆಗೆ ಡೋನಾ ಕಿತೇರಿಯಾ ಒಂದು ಬೆರಳು ಚಾಚಿ ಮುಟ್ಟಿದರು.

"ಲೋಳೆಲೋಳೆಯಾಗಿರುತ್ತೆ ಅಂದ್ಕೊಂಡಿದ್ದೆ," ಎಂದರು ಪಿಸುದನಿಯಲ್ಲಿ. "ರೇಷ್ಮೆ ಹಾಗಿದ್ದಾಳಲ್ರೀ!"

ಜಾಂಡಿರಾ ಸಂತೆಯಿಂದ ಬಂದಾಗ ಕಂಡದ್ದು ಇದು: ಗಾಜಿನೊಳಗೆ ಗಂಡ, ಸೋಫಾದಲ್ಲಿ ಡೋನಾ ಕಿತೇರಿಯಾ, ಅವರ ಮಡಿಲಲ್ಲಿ ನಿದ್ದೆಹೋದ ಬೆನೆಡಿಟಾ. ಅವಳು ಮೊದಲು ಹಾವಿನ ಮೈ ಸವರಿ ನೋಡಿದಳು, ಆಮೇಲೆ ಕಾಫಿಗೆ ನೀರಿಟ್ಟಳು, ಆಮೇಲೆ ತನ್ನ ಹತ್ತಿರವಿದ್ದ ಕೀಲಿಯಿಂದ ಗಂಡನ ಬಾಗಿಲು ತೆಗೆದಳು.

ಒಸ್ಮಾರ್ ಒದ್ದೆ ಪ್ಯಾಂಟಿನಲ್ಲಿ ತೆವಳಿಕೊಂಡು ಹೊರಬಂದು ನೆಲದ ಮೇಲೇ ಕೂತ. ಎಲ್ಲರೂ ಕಾಫಿ ಕುಡಿದು, ಬನ್ನು ತಿಂದರು.

"ಇವಳು ಇಲ್ಲೇ ಇರ್ಲಿ," ಎಂದರು ಡೋನಾ ಕಿತೇರಿಯಾ ಕೊನೆಗೆ. "ಶನಿವಾರ ಶನಿವಾರ ನಾನು ಬಂದು ನೋಡ್ಕೊಂಡು ಹೋಗ್ತೀನಿ. ಇನ್ನು ಕಪಾಟು, ಅದು ಗಟ್ಟಿ ಇದೆ, ಕಣ್ಣಾರೆ ನೋಡಿದೆ. ಒಸ್ಮಾರ್ ಅವ್ರೇ, ನಮ್ಮನೆಗೂ ಅಂಥದ್ದೊಂದು ಮಾಡ್ಕೊಡಿ."

ಒಸ್ಮಾರ್‌ನ ಮುಖ ಅರಳಿತು. "ನಿಮ್ಮನೇಲಿ ಹಾವಿಲ್ವಲ್ಲ?"

"ಹಾವಿಲ್ಲ, ನಮ್ಮ ಯಜಮಾನ್ರಿದ್ದಾರಲ್ಲ! ಭಾನುವಾರ ಊಟ ಆಗಿ ತಟ್ಟೆ ತೊಳೆಯೋ ಹೊತ್ತಿಗೆ ಅದು ಹೇಗೆ ತಪ್ಪಿಸ್ಕೊಳ್ತಾರೋ, ದೇವರಿಗೇ ಗೊತ್ತು!"

"ಹಾಗಾದ್ರೆ ಅವರ ಅಳತೆ ಬೇಕಾಗುತ್ತೆ," ಎಂದ ಒಸ್ಮಾರ್ ಟೇಪು ತೆಗೆಯುತ್ತ.

"ಅಳತೆ ಯಾಕ್ರೀ? ಅದರೊಳಗೆ ನೀವೇ ಹಿಡಿಸಿದ್ದೀರಿ ಅಂದ್ಮೇಲೆ ಅವರು ಆರಾಮಾಗಿ ಹಿಡಿಸ್ತಾರೆ!"