ಎಣ್ಣೆ ಡಬ್ಬದ ವಾರ್ತೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕೆದಕಿ ತೆಗೆಯುವ ಕಷ್ಟ ಬೇಡ. ಚಳ್ಳಕೆರೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಖಾಲಿ ಎಣ್ಣೆ ಡಬ್ಬಕ್ಕೆ ಬಾಯಿಟ್ಟು, ರೇಡಿಯೋದವರ ದನಿಯಲ್ಲಿ ಸುಳ್ಳು ವಾರ್ತೆ ಓದಿದವನು ನಾನು. ಆದರೆ ನನ್ನನ್ನು ಆ ಡಬ್ಬದವರೆಗೆ ತಂದು ಕೂರಿಸಿದವನು ನನ್ನ ಸೋದರಮಾವ. ಪತ್ರಿಕೆ ಓದಿ ಜಗಳವಾಡುವವರು ಊರಿಗೆ ನೂರು ಜನ ಸಿಗುತ್ತಾರೆ. ನನ್ನ ಮಾವ ಪತ್ರಿಕೆಯ ಜೊತೆಗೇ ಜಗಳವಾಡುತ್ತಿದ್ದ! ಅದೂ ಎದುರು ಕೂರಿಸಿಕೊಂಡು, ಬೆರಳು ತೋರಿಸಿ.

ಅವ್ವನ ತಮ್ಮ ಅವನು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ. ಯಾರಾದರೂ 'ಅಸಲಿ ಜರಿ' ಎಂದರೆ ಸಾಕು, ಎಳೆ ತೆಗೆದು ಕಲ್ಲಿಗೆ ಉಜ್ಜಿ ನೋಡುವ ಕಸುಬು. ಆ ಉಜ್ಜುವ ಚಟ ಜರಿಯಿಂದ ಸುದ್ದಿಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ವಾರಕ್ಕೆರಡು ದಿನ ಸೀರೆ ಗಂಟು ಹೊತ್ತು ಚಳ್ಳಕೆರೆಗೆ ಬರುವನು. ವ್ಯಾಪಾರ ಮುಗಿಸಿ ನಮ್ಮಪ್ಪನ ಎಣ್ಣೆ ಮಿಲ್ಲಿನ ಎದುರಿನ ಹೋಟೆಲಿನಲ್ಲಿ ಒಂದು ಕನ್ನಡ ಪತ್ರಿಕೆ, ಒಂದು ತೆಲುಗು ಪತ್ರಿಕೆ, ಒಂದು ಕೆಂಪು ಪೆನ್ಸಿಲ್ಲು ಹಿಡಿದು ಕೂರುವನು. ಅಲ್ಲಿಗೆ ಮಿಲ್ಲಿನ ಅರ್ಧ ಕೆಲಸ ನಿಂತಂತೆ.

ಅದು ತೊಂಬತ್ತರ ದಶಕದ ಕೊನೆ. ನೆರೆಯ ದೇಶದ ಸರ್ಕಾರ ನಮ್ಮ ಗಡಿಯ ಬಂಡುಕೋರರಿಗೆ ಹಣ ಕೊಡುತ್ತಿದೆ, ಕೋವಿ ಕೊಡುತ್ತಿದೆ, ತರಬೇತಿ ಕೊಡುತ್ತಿದೆ ಎಂದು ದಿನಾ ಒಂದಲ್ಲ ಒಂದು ಸುದ್ದಿ. ಯಾವ ದೇಶವೆಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೂ ಪತ್ರಿಕೆಯವರು 'ನೆರೆರಾಷ್ಟ್ರವೊಂದು' ಎಂದು ಬರೆಯುವರು, ಗಂಡನ ಹೆಸರು ಹೇಳಲು ನಾಚುವ ಹಳೇ ಕಾಲದ ಹೆಂಗಸರ ಹಾಗೆ! ಮಾವನಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಅವನ ಹಗೆ ಒಂದೇ ಒಂದು ಪದ: ಎನ್ನಲಾಗಿದೆ. 'ನೆರವು ನೀಡುತ್ತಿದೆ ಎನ್ನಲಾಗಿದೆ.' 'ಶಿಬಿರ ನಡೆಸುತ್ತಿದೆ ಎನ್ನಲಾಗಿದೆ.' ಆ ಪದ ಕಂಡಲ್ಲೆಲ್ಲ ಕೆಂಪು ಸುತ್ತು. ಓದಿ ಮುಗಿಯುವಷ್ಟರಲ್ಲಿ ಪತ್ರಿಕೆಗೆ ಮೈತುಂಬ ಅಮ್ಮ ಎದ್ದಂತೆ ಕಾಣುತ್ತಿತ್ತು.

"ಎನ್ನಲಾಗಿದೆ, ಸರಿ. ಅಂದೋರು ಯಾರು?"

ಇದು ಅವನ ಮಂತ್ರ. ಒಂದು ದಿನ ಕನ್ನಡ ಪತ್ರಿಕೆಗಿಂತ ತೆಲುಗು ಪತ್ರಿಕೆಯಲ್ಲಿ ಬಂಡುಕೋರರು ಐವತ್ತು ಮಂದಿ ಜಾಸ್ತಿ ಇದ್ದರು. ಮಾವ ಎರಡನ್ನೂ ಅಕ್ಕಪಕ್ಕ ಹರಡಿ, ಈ ಐವತ್ತು ಮಂದಿ ತೆಲುಗು ಸೀಮೆಯ ರಾಯದುರ್ಗದಲ್ಲಿ ಬಸ್ಸು ಹತ್ತಿದರೋ ಹೇಗೆ, ಹತ್ತಿದ್ದರೆ ಟಿಕೆಟ್ಟು ಹರಿದುಕೊಟ್ಟವನು ಯಾರು ಎಂದು ಇಡೀ ಹೋಟೆಲನ್ನು ವಿಚಾರಣೆಗೆ ಗುರಿಮಾಡಿದ. ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಅಲ್ಲಿ ಕಾಯಂ ಗಿರಾಕಿ. ಅವರಿಗೆ ತಡೆಯಲಾಗಲಿಲ್ಲ.

"ಏನ್ರೀ ನೀವು, ಆ ದೇಶದ ಕಡೆಯೋರಾ?"

"ಕೊಟ್ಟಿಲ್ಲ ಅಂತ ನಾನೆಲ್ಲಿ ಅಂದೆ? ಕೊಟ್ಟಿರಬೋದು. ಕೊಟ್ಟಿದ್ದನ್ನ ಕಂಡೋರು ಯಾರು ಅಂತ ಕೇಳ್ದೆ."

"ನಾನೇ ಎಂಟು ವರ್ಷ ಗಡಿಯಾಗೆ ಇದ್ದೆ."

"ಸಂತೋಷ ಆತು. ಏನು ಕಂಡ್ರಿ, ಹೇಳ್ರಿ."

ಹವಾಲ್ದಾರರು ಮೀಸೆ ಮುಟ್ಟಿಕೊಂಡರು. ಸುಳ್ಳು ಹೇಳುವ ಮನುಷ್ಯರಲ್ಲ ಪಾಪ. "ಚಪಾತಿ ಹಿಟ್ಟು," ಎಂದರು. "ನಾನು ಅಡಿಗೆ ಕಡೆ ಇದ್ದೆ."

ಬೇರೆಯವರಾಗಿದ್ದರೆ ನಗುತ್ತಿದ್ದರು. ಮಾವ ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡ. ಇಷ್ಟು ವರ್ಷದಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳಿದವರು ನೀವೊಬ್ಬರೇ ಎಂದು ಕಾಫಿ ಕೊಡಿಸಿದ. ಅವತ್ತಿನಿಂದ ಹವಾಲ್ದಾರರು ಮಾವನ ಪಕ್ಕದ ಬೆಂಚು ಬಿಟ್ಟು ಏಳಲಿಲ್ಲ.

ಈ ಚಟ ಹೋಟೆಲಿಗೆ ಮಾತ್ರ ಸೀಮಿತವಾಗಿದ್ದರೆ ಬದುಕಬಹುದಿತ್ತು. ನೆಂಟರೊಬ್ಬರು ತೀರಿಕೊಂಡಾಗ ಹೆಣದ ಮುಂದೆ ಯಾರೋ, ಬಹಳ ಒಳ್ಳೆಯ ಮನುಷ್ಯ ಅಂತಾರಪ್ಪ ಎಂದು ನಿಟ್ಟುಸಿರು ಬಿಟ್ಟರು. ಮಾವ ತಡೆದುಕೊಳ್ಳಬೇಕೋ ಬೇಡವೋ? ಅಂತಾರೆ ಅಂದ್ರೆ ಯಾರು ಅಂತಾರೆ ಎಂದು ಮೆಲ್ಲಗೆ ಕೇಳಿದ. ಸತ್ತವನ ಹೆಂಡತಿಯೇ ಸೆರಗಿನಿಂದ ಮುಖ ಈಚೆ ತೆಗೆದು, "ನಾನಂತೂ ಅಂದಿಲ್ಲ," ಎಂದುಬಿಟ್ಟಳು.

ಇನ್ನು ನನ್ನ ಹೊಟ್ಟೆಯ ಸಂಗತಿಗೆ ಬರೋಣ. ಅದು ಉರಿಯುತ್ತಿತ್ತು. ಮಾವ ಬಂದು ಬೇರೂರುವ ಮೊದಲು ಆ ಬೆಂಚುಗಳೆಲ್ಲ ನನ್ನವು! ಡಾಕ್ಟರ ಕೆಮ್ಮು, ಬಸ್‌ಸ್ಟ್ಯಾಂಡಿನ ಮೈಕು, ಈಯಲು ಬಂದ ಎಮ್ಮೆ, ಮಿಲ್ಲಿನಲ್ಲಿ ಬೆಲ್ಟು ಹರಿದಾಗ ನಮ್ಮಪ್ಪ, ಆಮೇಲೆ ಅಪ್ಪನ ಎದುರು ನಾನು, ಎಲ್ಲರ ದನಿಯನ್ನೂ ತೆಗೆಯುತ್ತಿದ್ದೆ. ಎಮ್ಮೆಗೂ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಅಪ್ಪನೇ ಒಪ್ಪಿದ್ದರು. ನಾನು ಇಷ್ಟೆಲ್ಲ ಕುಣಿದರೂ ಜನ ನಗುತ್ತಿದ್ದುದು ಎರಡು ನಿಮಿಷ. ಆ ಮಾರಾಯ ಒಂದು ಹಾಸ್ಯವನ್ನೂ ಆಡದೆ ಎರಡು ಗಂಟೆ ಕೂರಿಸುತ್ತಿದ್ದನಲ್ಲ! ತಡೆಯಲಾರದೆ ಒಂದು ದಿನ ಮಾವನನ್ನೇ ಅನುಕರಿಸಿದೆ. ಕನ್ನಡಕ ಮೂಗಿನ ತುದಿಗೆ, ಪೆನ್ಸಿಲ್ಲು ಕಿವಿಗೆ, 'ಅಂದೋರು ಯಾರು?' ಎಲ್ಲ ತದ್ರೂಪು. ಹೋಟೆಲಿನವನು ಕೊನೆಯವರೆಗೂ ನೋಡಿ, "ಭಾಳ ಚೆನ್ನಾಗೈತೆ ಕಣಪ್ಪ. ಅಂದಂಗೆ ಅವರು ಬರೋದು ಎಷ್ಟೊತ್ತಿಗೆ?" ಎಂದು ಕೇಳಿದ.

ಮಾವ ಎಲ್ಲರ ಎದುರು ಒಂದು ಸಲ ಮೂರ್ಖನಾಗಬೇಕು ಎಂದು ತೀರ್ಮಾನಿಸಿದೆ. ಹೋಟೆಲಿನ ರೇಡಿಯೋ ಇದ್ದದ್ದು ಅಡುಗೆಮನೆಯ ಗೋಡೆಗೆ ಒತ್ತಿದ ಹಲಗೆಯ ಮೇಲೆ. ಅದರ ಹಿಂದೆಯೇ ಹೊಗೆ ಹೋಗುವ ಕಿಂಡಿ. ತಂತಿ ಕಿತ್ತು, ಕಿಂಡಿಗೆ ಡಬ್ಬ ಹಿಡಿದು ಓದಿದರೆ ರೇಡಿಯೋ ಮಾತಾಡಿದಂತೆಯೇ. ಮಾವ ಆ ಸುದ್ದಿಯನ್ನು ಹಿಡಿದು ಎರಡು ಗಂಟೆ ಉಜ್ಜಬೇಕು, ಆಗ ನಾನು ಡಬ್ಬದ ಸಮೇತ ಹೊರಗೆ ಬರಬೇಕು. ಇದು ಯೋಜನೆ.

ಮೊಳಕಾಲ್ಮೂರಿನ ಬಸ್ಸು ನಿಂತ ಸದ್ದಾಯಿತು. ಇಳಿದವರು ಕೂತು ಕಾಫಿ ಹಿಡಿಯುವಷ್ಟು ಹೊತ್ತು ಬಿಟ್ಟು ಶುರುಮಾಡಿದೆ. "ನೆರೆರಾಷ್ಟ್ರವೊಂದರ ನೆರವು ಪಡೆದ ಬಂಡುಕೋರರು ಬ್ರಹ್ಮಗಿರಿಯ ಬಂಡೆಗಳ ನಡುವೆ ಸುಳಿದಾಡುತ್ತಿದ್ದು, ಅವರ ಬಳಿ ನಕ್ಷೆ ಐತೆ ಎಂದು ತಿಳಿದುಬಂದಿದೆ." ಆಹಾ, ಆ ಗಾಂಭೀರ್ಯ! ಆ ಏರಿಳಿತ! ಕಿಂಡಿಯಲ್ಲಿ ಇಣುಕಿದೆ. ಬಸ್ಸು ಬಂದಿತ್ತು. ಮಾವ ಬಂದಿರಲಿಲ್ಲ.

ಆಗಲೇ ಹೊರಗೆ ಬಂದು, ಓದಿದವನು ನಾನು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಿಂಡಿಯಾಚೆ ಕಂಡದ್ದೇನು? ಹವಾಲ್ದಾರರು ನೆಟ್ಟಗೆ ಎದ್ದು ನಿಂತಿದ್ದಾರೆ. ಬಸ್ಸಿನ ಕಂಡಕ್ಟರ್ ಲೋಟ ಬಾಯಿಗಿಟ್ಟವನು ಇಟ್ಟಂತೆಯೇ ಇದ್ದಾನೆ. ಇಡೀ ಹೋಟೆಲು ಉಸಿರು ಹಿಡಿದಿದೆ, ನನ್ನ ಮಾತಿಗೆ! ಜನ್ಮದಲ್ಲಿ ನನಗೆ ಅಂಥ ಸಭೆ ಸಿಕ್ಕಿರಲಿಲ್ಲ. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹಿತ್ತಲ ಬಾಗಿಲಿನಿಂದ ಮನೆಗೆ ಹೋದೆ. ಕಂಡಕ್ಟರ್ ವಾಪಸ್ಸು ಹೊರಟ ಬಸ್ಸು ಹತ್ತಿದ, ಸುದ್ದಿಯೂ ಹತ್ತಿತು.

ಮಾವ ಬಾರದಿದ್ದುದು ಜ್ವರದಿಂದ. ಮೂರನೆಯ ದಿನ ಅವ್ವ ಶೇಂಗಾ ಹೋಳಿಗೆ ಕಟ್ಟಿಕೊಟ್ಟು ನನ್ನನ್ನು ಮೊಳಕಾಲ್ಮೂರಿಗೆ ಅಟ್ಟಿದಳು. ನನಗೆ ಜ್ವರ ಬಂದರೆ ಕಷಾಯ, ತಮ್ಮನಿಗೆ ಬಂದರೆ ಹೋಳಿಗೆ! ಅಂಗಡಿಯಲ್ಲಿ ಡಬ್ಬಿ ಬಿಚ್ಚುತ್ತಿರುವಾಗಲೇ ಗಿರಾಕಿಯೊಬ್ಬರು ಬಂದು, ಬ್ರಹ್ಮಗಿರಿಯ ಬುಡದ ಸಿದ್ದಾಪುರದ ಹುಡುಗರು ಪರದೇಶದವರ ಏಜೆಂಟನೊಬ್ಬನನ್ನು ಹಿಡಿದು ಕೂರಿಸಿದ್ದಾರಂತೆ ಎಂದರು.

"ಅಂತೆ," ಎಂದ ಮಾವ. ಮಫ್ಲರು ಸುತ್ತಿಕೊಂಡು ಎದ್ದ. "ನಡಿಯಲೇ ಅಳಿಯ, ಕಣ್ಣಾರೆ ನೋಡಾನ."

ಅವನ ಮೊಪೆಡ್ಡನ್ನು ನಾನು ಓಡಿಸಿದೆ. ಎರಡು ಸಲ ದಾರಿ ಬಿಟ್ಟು ಬೇಲಿಗೆ ನುಗ್ಗಿಸಿದೆ; ಹಿಂದೆ ಕೂತ ಮಾವ, ಜ್ವರ ನನಗಾ ನಿನಗಾ ಎಂದು ಕೇಳಿದ.

ಊರ ಕಟ್ಟೆಯ ಮೇಲೆ ನನ್ನ ವಯಸ್ಸಿನವನೊಬ್ಬ ಕೂತಿದ್ದ. ಅಂಗಿಯ ತೋಳು ಹರಿದಿತ್ತು, ತುಟಿಯಲ್ಲಿ ರಕ್ತ ಒಣಗಿತ್ತು. ಕನ್ನಡ ಬಾರದು, ತೆಲುಗೂ ಬಾರದು. ಪಕ್ಕದಲ್ಲಿ ಅವನ ಚೀಲ ಕವುಚಿದ್ದರು: ಅಳತೆ ಟೇಪು, ಪೆನ್ಸಿಲ್ಲು, ಬಂಡೆಗಳನ್ನು ಬರೆದ ನಕ್ಷೆ. ಹೌದು, ನಕ್ಷೆ! ನನ್ನ ಡಬ್ಬದಿಂದ ಹೊರಟ ಪದ ಅಲ್ಲಿ ಧೂಳಿನಲ್ಲಿ ಬಿದ್ದಿತ್ತು. ಸುತ್ತ ಹತ್ತಾರು ಹುಡುಗರು. ಒಬ್ಬನ ಕೈಯಲ್ಲಿ ಬಡಿಗೆ.

ಮಾವ ಏರುದನಿಯಲ್ಲಿ ಮಾತಾಡಲಿಲ್ಲ. ಅಲ್ಲಿದ್ದ ಕುರಿ ಕಾಯುವ ಅಜ್ಜನನ್ನು, ದಿನಾ ಗುಡ್ಡಕ್ಕೆ ಹೋಗುವವನು ನೀನು, ನೀನೇನು ಕಂಡೆ ಎಂದು ಕೇಳಿದ. ಅಜ್ಜ, ಈ ಹುಡುಗ ನಾಲ್ಕು ದಿನದಿಂದ ಹಳೇ ಬರಹದ ಬಂಡೆಯ ಸುತ್ತ ಟೇಪು ಹಿಡಿದು ಅಳೆಯುತ್ತಾನೆ, ಕೊರಕಲಿಗೆ ಬಿದ್ದ ನನ್ನ ಮರಿಯನ್ನು ಎತ್ತಿಕೊಟ್ಟ, ಅಷ್ಟು ಕಂಡೆ ಎಂದ. ಈ ಮಾತನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದ.

ಬಡಿಗೆಯವನು ಸೋಲಲು ಸಿದ್ಧನಿರಲಿಲ್ಲ. "ರೇಡಿಯೋದಾಗೇ ಬಂದೈತ್ರೀ. ಕಂಡಕ್ಟ್ರು ಕಿವಿಯಾರೆ ಕೇಳ್ಯಾನೆ. ಅವರ ಬಳಿ ನಕ್ಷೆ ಐತೆ ಎಂದು ತಿಳಿದುಬಂದಿದೆ, ಅಂತ."

"ರೇಡಿಯೋದಾಗೆ 'ಐತೆ' ಅಂದ್ರಾ?"

"ಹೂಂ. ಐತೆ ಅಂತಲೇ."

ಮಾವ ಕನ್ನಡಕ ತೆಗೆದ. ಮಫ್ಲರಿನ ತುದಿಯಿಂದ ಒರೆಸಿದ. ಹಾಕಿಕೊಂಡು, ಹಿಂದೆ ಮೊಪೆಡ್ಡು ಹಿಡಿದು ನಿಂತಿದ್ದ ನನ್ನನ್ನು ನೋಡಿದ. ಡಾಕ್ಟರು, ಎಮ್ಮೆ, ಅಪ್ಪ, ರೇಡಿಯೋ, ಎಲ್ಲರ ದನಿ ತೆಗೆಯುವ ನಾನು ಮೊಪೆಡ್ಡಿನ ಬ್ರೇಕು ಒತ್ತಿ ಒತ್ತಿ ನೋಡತೊಡಗಿದೆ.

ರೇಡಿಯೋದವರು 'ಇದೆ' ಎನ್ನುತ್ತಾರೆ, 'ಐತೆ' ಎನ್ನುವವರು ನಮ್ಮ ಕಡೆಯವರೇ, ಅದು ರೇಡಿಯೋ ಅಲ್ಲ ಎಂದು ಮಾವ ಹುಡುಗರಿಗೆ ಹೇಳಿದ. ಅವರು ಆ ಅಪರಿಚಿತನಿಗೆ ಚೀಲ ತುಂಬಿಕೊಟ್ಟರು; ಅಜ್ಜ ನೀರು ಕೊಟ್ಟ. ಬಡಿಗೆಯವನ ಸಿಟ್ಟಿಗೆ ಈಗ ಬೇರೆ ಬೆನ್ನು ಬೇಕಾಗಿತ್ತು. ಹಾಗಾದರೆ ಈ ಸುಳ್ಳನ್ನು ಹುಟ್ಟಿಸಿದವನ ಹೆಸರು ಹೇಳಿ, ಅವನನ್ನು ಇಲ್ಲಿಗೇ ಎಳೆದು ತರುತ್ತೇವೆ ಎಂದ. ಎಲ್ಲರೂ ಮಾವನ ಕಡೆ ತಿರುಗಿದರು. ಅವನು ಜೀವಮಾನವಿಡೀ ಕೇಳಿದ ಪ್ರಶ್ನೆಯನ್ನು ಮೊದಲ ಸಲ ಅವನಿಗೇ ಕೇಳಿದ್ದರು, ಉತ್ತರ ಅವನ ಬೆನ್ನ ಹಿಂದೆಯೇ ನಿಂತಿತ್ತು. ಜ್ವರದಿಂದ ಕಾದ ಅವನ ಕೈ ಹಿಂದೆ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಅವನ ಕನ್ನಡಕ, ಪೆನ್ಸಿಲ್ಲು, 'ಅಂದೋರು ಯಾರು' ಎಲ್ಲವನ್ನೂ ನಾನು ಇವತ್ತಿಗೂ ಅನುಕರಿಸಬಲ್ಲೆ. ಆಮೇಲೆ ಅವನಾಡಿದ ಆ ಒಂದು ಮಾತನ್ನು ಮಾತ್ರ ಎಷ್ಟು ಸಲ ಪ್ರಯತ್ನಿಸಿದರೂ ಆ ದನಿ ಬರುವುದಿಲ್ಲ. ಅದರ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು.

"ಹೇಳ್ರಿ," ಎಂದ ಬಡಿಗೆಯವನು, "ಹಂಗಂದೋನು ಯಾರು?"

"ಎನ್ನಲಾಗಿದೆ ತಮ್ಮಾ," ಎಂದ ನನ್ನ ಮಾವ. "ಅಷ್ಟೇ."